ಎಂಎಂ 540 ಜೀಪಿಗೆ ಸೆಕೆಂಡ್‌ಹ್ಯಾಂಡ್ ಎಂಜಿನ್: ಯಾವುದನ್ನು ಆರಿಸಬೇಕು, ಏನೇನು ನೋಡಿಕೊಳ್ಳಬೇಕು?

ಕೊಟ್ಟಿಗೆಹಾರ 540

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದಲ್ಲಿರುವುದು 1989ರ ಮಹೀಂದ್ರ ಎಂಎಂ 540. ನಮ್ಮ ತಂದೆಯವರು ಹೊಸದಾಗಿ ಕೊಂಡ ಜೀಪು ಅದು. ಗೊಬ್ಬರ, ಕಾಫಿ ಚೀಲ, ಕೆಲಸದವರು, ಮಳೆಗಾಲದ ನಡುರಾತ್ರಿಯಲ್ಲಿ ಆಸ್ಪತ್ರೆಗೆ ಹೊರಟವರು, ಎಲ್ಲವೂ ಎಲ್ಲರೂ ಅದರಲ್ಲೇ ಓಡಾಡಿದ್ದಾರೆ. ಮನೆಯಿಂದ ಡಾಂಬರು ರಸ್ತೆಗೆ ಇರುವ ಎರಡೂವರೆ ಕಿಲೋಮೀಟರ್ ದಾರಿಯಲ್ಲಿ ಒಂದು ಹಳ್ಳವೂ ಎರಡು ಕಡಿದಾದ ಏರುಗಳೂ ಇದ್ದು, ಜೂನ್‌ನಿಂದ ಅಕ್ಟೋಬರ್‌ವರೆಗೆ ಫೋರ್ ವೀಲ್ ಇಲ್ಲದ ಗಾಡಿ ಅಲ್ಲಿ ಹತ್ತುವುದಿಲ್ಲ. ಹಾಗಾಗಿ ಈ ಜೀಪನ್ನು ಉಳಿಸಿಕೊಳ್ಳುವುದು ನಮ್ಮ ಮನೆಯ ದಿನನಿತ್ಯದ ಅಗತ್ಯ.

ಕಳೆದ ತಿಂಗಳು ಉಜಿರೆಯಿಂದ ಹನ್ನೆರಡು ಚೀಲ ಸುಣ್ಣ ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದಾಗ ಫ್ಯಾನ್ ಬೆಲ್ಟ್ ತುಂಡಾಯಿತು. ನೀರಿನ ಪಂಪು ತಿರುಗುವುದೂ ಅದೇ ಬೆಲ್ಟಿನಿಂದ. ಟೆಂಪರೇಚರ್ ಮೀಟರ್ ಎರಡು ವರ್ಷದಿಂದ ಕೆಟ್ಟಿದ್ದರೂ ನಾನು ಸರಿಮಾಡಿಸಿರಲಿಲ್ಲ. ಆ ತಪ್ಪು ನನ್ನದೇ. ಪಿಕಪ್ ಕಡಿಮೆಯಾದಾಗ ಭಾರ ಹೆಚ್ಚಾಗಿದೆ ಎಂದುಕೊಂಡು ಸೆಕೆಂಡ್ ಗೇರಿಗೆ ಇಳಿಸಿ ಇನ್ನೂ ಎರಡು ತಿರುವು ಹತ್ತಿಸಿದೆ. ಬಾನೆಟ್ಟಿನ ಅಡಿಯಿಂದ ಹಬೆ ಕಾಣುವ ಹೊತ್ತಿಗೆ ಎಂಜಿನ್ ಬಿಗಿದುಕೊಳ್ಳತೊಡಗಿತ್ತು. ಮರುದಿನ ಡಿಪ್ ಸ್ಟಿಕ್ ಎಳೆದು ನೋಡಿದರೆ ಎಣ್ಣೆಯು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

ಬಿಚ್ಚಿಸಿದ ಮೇಲೆ ಗೊತ್ತಾದದ್ದು ಇಷ್ಟು. ಹೆಡ್ ಬಾಗಿದೆ, ಎರಡು ವಾಲ್ವ್ ಸೀಟುಗಳ ನಡುವೆ ಸೀಳು ಬಿಟ್ಟಿದೆ. ಎರಡನೆಯ ಮತ್ತು ಮೂರನೆಯ ಪಿಸ್ಟನ್ ಲೈನರಿಗೆ (ಪಿಸ್ಟನ್ ಓಡಾಡುವ ಕೊಳವೆಗೆ) ಕಚ್ಚಿ ಉದ್ದುದ್ದ ಗೀರು ಬಿದ್ದಿವೆ. ಬ್ಲಾಕಿನಲ್ಲಿ ಲೈನರ್ ಕೂರುವ ಅಂಚು ತುಕ್ಕಿನಿಂದ ತಿಂದುಹೋಗಿದೆ. ಈಗ ಬೇರೆ ಎಂಜಿನ್ ತರುವ ಯೋಚನೆಯಲ್ಲಿದ್ದೇನೆ. ಮೂಲದಲ್ಲಿ ಇದ್ದದ್ದು ಪ್ಯೂಜೋ ಪರವಾನಗಿಯಲ್ಲಿ ತಯಾರಾದ 2112 ಸಿಸಿಯ ಎಕ್ಸ್‌ಡಿಪಿ 4.90. ಅದೇ ಎಂಜಿನ್ನನ್ನು ಹುಡುಕಬೇಕೇ, ಅದರದೇ ವಂಶದ 2498 ಸಿಸಿಯ ಎಕ್ಸ್‌ಡಿ3ಪಿ ಹಾಕಬೇಕೇ, ಅಥವಾ ಬಿಡಿಭಾಗ ಎಲ್ಲೆಡೆ ಸಿಗುವ 2523 ಸಿಸಿಯ ಎಂಡಿಐ ಹಾಕಬೇಕೇ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಹಾಸನ ಲೇತ್

ಸರ್, ಹೊಸದನ್ನು ಹುಡುಕುವ ಮೊದಲು ಹಳೆಯದರ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಅಳತೆ ಹೇಳಿ. ಕ್ರ್ಯಾಂಕ್ ಇನ್ನೂ ಟೆನ್ ಅಥವಾ ಟ್ವೆಂಟಿ ಸೈಜಿನಲ್ಲಿದ್ದರೆ, ಅಂದರೆ ಉಜ್ಜಿ ತೆಗೆದದ್ದು ಇಂಚಿನ ಸಾವಿರದಲ್ಲಿ ಹತ್ತು ಅಥವಾ ಇಪ್ಪತ್ತು ಭಾಗವಷ್ಟೇ ಆಗಿದ್ದರೆ, ಅದನ್ನು ಗುಜರಿಗೆ ಹಾಕಬೇಡಿ. ತರುವ ಎಂಜಿನ್ನಿನ ಬ್ಲಾಕ್ ಚೆನ್ನಾಗಿದ್ದು ಕ್ರ್ಯಾಂಕ್ ಸವೆದಿದ್ದರೆ ಎರಡರಿಂದ ಒಂದನ್ನು ಕಟ್ಟಬಹುದು.

ಕೊಟ್ಟಿಗೆಹಾರ 540

ಅಳತೆ ಮಾಡಿಸಿದ್ದೇನೆ. 2003ರಲ್ಲಿ ಒಮ್ಮೆ, 2014ರಲ್ಲಿ ಒಮ್ಮೆ ಉಜ್ಜಿಸಿ ಈಗ ಥರ್ಟಿಗೆ ಬಂದು ನಿಂತಿದೆ. ಎರಡನೆಯ ಜರ್ನಲ್‌ನಲ್ಲಿ ಬೇರಿಂಗ್ ಕರಗಿ ಹಿಡಿದಿರುವ ಗುರುತೂ ಇದೆ. ಅಂದರೆ ಅದರಿಂದ ಇನ್ನು ಪ್ರಯೋಜನವಿಲ್ಲ.

ಮಡಿಕೇರಿ ಫೋರ್‌ವೀಲ್

ನನ್ನದೂ ಎಂಎಂ 540. ನಾನು 2011ರಲ್ಲಿ ಎಂಡಿಐ ಹಾಕಿಸಿದವನು, ಆದ್ದರಿಂದ ಆ ದಾರಿಯ ಬಗ್ಗೆ ಮಾತ್ರ ಹೇಳುತ್ತೇನೆ.

ಎಂಡಿಐ ಕೆಟ್ಟ ಎಂಜಿನ್ ಎಂದು ಯಾರೂ ಹೇಳಲಾರರು. ಅದರ ಮೂಲ ಇಂಟರ್‌ನ್ಯಾಷನಲ್ ಕಂಪನಿಯ ಬಿ275 ಟ್ರ್ಯಾಕ್ಟರಿನ ಎಂಜಿನ್. 88.9 ಮಿಲಿಮೀಟರ್ ಬೋರಿಗೆ (ಸಿಲಿಂಡರಿನ ಅಗಲ) 101.6 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಇರುವುದರಿಂದ ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಚೆನ್ನಾಗಿದೆ. ನಮ್ಮ ಪ್ಯೂಜೋ 2112ರಲ್ಲಿ ಬೋರ್ 90, ಸ್ಟ್ರೋಕ್ 83 ಮಾತ್ರ; ಅದು ಸ್ವಲ್ಪ ಓಡಿದ ಮೇಲೆ ಎಳೆಯುವ ಜಾತಿ. ಎಂಡಿಐನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ತಲೆಯ ಮೇಲೆ ಬೀಳುವುದರಿಂದ ಚಳಿಗಾಲದ ಬೆಳಿಗ್ಗೆಯೂ ಸಿಲಿಂಡರ್ ಬಿಸಿಮಾಡುವ ಹೀಟರ್ ಪ್ಲಗ್ ಹಾಕಿ ಕಾಯಬೇಕಾಗಿಲ್ಲ. ಇಷ್ಟೆಲ್ಲ ಗುಣ ಕೇಳಿಯೇ ನಾನು ಹಾಕಿಸಿದ್ದು.

ಆದರೆ ಕೆಲಸ ಎಂಜಿನ್ ಇಳಿಸಿ ಏರಿಸುವುದಕ್ಕೆ ಮುಗಿಯಲಿಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚವಾದ ಬೆಲ್ ಹೌಸಿಂಗ್ ಕೂರಲಿಲ್ಲವಾದ್ದರಿಂದ ಆ ಎಂಜಿನ್ನಿನ ಗೇರ್‌ಬಾಕ್ಸನ್ನೂ ತರಬೇಕಾಯಿತು. ಗೇರ್‌ಬಾಕ್ಸಿನ ಉದ್ದ ಬೇರೆಯಾದದ್ದರಿಂದ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಕೂರುವ ಜಾಗ ಬದಲಾಗಿ, ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಮುಂದಿನದನ್ನು ಉದ್ದ ಮಾಡಿ ಎರಡನ್ನೂ ಬ್ಯಾಲೆನ್ಸ್ ಮಾಡಿಸಬೇಕಾಯಿತು. ಚಾಸಿಗೆ ಹೊಸ ಮೌಂಟಿಂಗ್ ಬ್ರಾಕೆಟ್ ವೆಲ್ಡ್ ಮಾಡಿಸಿದ್ದೆ. ಮೂರನೆಯ ವರ್ಷ ಮಾಂದಲಪಟ್ಟಿ ದಾರಿಯಲ್ಲಿ ಎಡಗಡೆಯ ವೆಲ್ಡ್ ಬಿಟ್ಟು, ಎಂಜಿನ್ ಒಂದು ಕಡೆಗೆ ವಾಲಿ, ಫ್ಯಾನು ರೇಡಿಯೇಟರಿನ ಜಾಲಿಯನ್ನು ತಿಂದುಹಾಕಿತು. ನಡುಕವಂತೂ ಇವತ್ತಿಗೂ ಇದೆ. ಹೆಡ್‌ಲೈಟ್ ಬಲ್ಬಿನ ತಂತಿ ವರ್ಷಕ್ಕೆ ಎರಡು ಸಲ ತುಂಡಾಗುತ್ತದೆ. ಇವತ್ತು ಮತ್ತೆ ಆರಿಸಬೇಕಾಗಿ ಬಂದರೆ ನಾನು ಪ್ಯೂಜೋ ವಂಶದಲ್ಲೇ ಉಳಿಯುತ್ತೇನೆ. ಎಕ್ಸ್‌ಡಿ3ಪಿ ನಿಮ್ಮ ಜೀಪಿನ ಮೌಂಟಿಂಗಿಗೂ ಬೆಲ್ ಹೌಸಿಂಗಿಗೂ ಹೆಚ್ಚು ತಕರಾರಿಲ್ಲದೆ ಕೂರುತ್ತದೆ.

ಸಿದ್ದಾಪುರ ಟ್ರೇಲ್

ಇಷ್ಟು ಕಷ್ಟಪಡುವ ಬದಲು ಅಪಘಾತವಾದ ಹೊಸ ಗಾಡಿಯ ಕಾಮನ್‌ರೈಲ್ (ಕಂಪ್ಯೂಟರ್ ನಿಯಂತ್ರಣದ ಡೀಸೆಲ್) ಎಂಜಿನ್ ಹಾಕಿದರೆ ಹೇಗೆ? 100 ಅಶ್ವಶಕ್ತಿ ಮೀರಿದ ಶಕ್ತಿ ಸಿಗುತ್ತದೆ, ಹೊಗೆಯೂ ಕಡಿಮೆ.

ತರೀಕೆರೆ ಡೀಸೆಲ್

ನಾನು ನಲವತ್ತು ವರ್ಷ ಡೀಸೆಲ್ ಎಂಜಿನ್ ಕೆಲಸ ಮಾಡಿ ಈಗ ಅಂಗಡಿಯನ್ನು ಮಗನಿಗೆ ವಹಿಸಿದ್ದೇನೆ.

ಮೊದಲು ಸಿದ್ದಾಪುರದವರ ಪ್ರಶ್ನೆಗೆ ಉತ್ತರ. ಕಾಮನ್‌ರೈಲ್ ಎಂಜಿನ್ ತಂದರೆ ಅದರ ಇಸಿಯು (ಎಂಜಿನ್ನಿನ ಕಂಪ್ಯೂಟರ್), ವೈರಿಂಗ್, ಸೆನ್ಸರುಗಳು, ಆಕ್ಸಿಲರೇಟರ್ ಪೆಡಲ್, ಕೀಲಿಯ ಇಮ್ಮೊಬಿಲೈಸರ್, ಟ್ಯಾಂಕಿನಿಂದ ಬರುವ ಡೀಸೆಲ್ ಸಾಲು, ಎಲ್ಲವೂ ಅದರ ಹಿಂದೆಯೇ ಬರಬೇಕು. ಹಳ್ಳದ ನೀರು ಬಂಪರಿಗೆ ಬರುವ ದಾರಿಯಲ್ಲಿ ಒಂದು ಕನೆಕ್ಟರಿಗೆ ನೀರು ಹೋದರೆ ತೋಟದ ಮಧ್ಯೆ ಅದನ್ನು ಹುಡುಕುವವರು ಯಾರೂ ಇರುವುದಿಲ್ಲ. 62 ಅಶ್ವಶಕ್ತಿಗೆಂದು ಮಾಡಿದ ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು, ಬ್ರೇಕುಗಳ ಮೇಲೆ ಅಷ್ಟು ಶಕ್ತಿ ಹೇರುವುದೂ ಸರಿಯಲ್ಲ. ಪ್ರದರ್ಶನಕ್ಕೆ ಇಟ್ಟುಕೊಂಡ ಜೀಪಿನ ಮಾತು ಬೇರೆ, ಇದು ದುಡಿಯುವ ಜೀಪು.

ಇನ್ನು ಸೆಕೆಂಡ್‌ಹ್ಯಾಂಡ್ ಎಂಜಿನ್ ಆರಿಸುವ ಬಗ್ಗೆ. ಗುಜರಿ ಅಂಗಡಿಯಲ್ಲಿ ಎಂಜಿನ್ನನ್ನು ಕಲ್ಲಿನ ಮೇಲೆ ಕೂರಿಸಿ, ಬಾಟಲಿಯಿಂದ ಡೀಸೆಲ್ ಕೊಟ್ಟು ಎರಡು ನಿಮಿಷ ಓಡಿಸಿ, ‘ಕೇಳಿ ಸಾರ್, ಸೌಂಡ್ ಹೇಗಿದೆ’ ಎನ್ನುತ್ತಾರೆ. ಆ ಎರಡು ನಿಮಿಷದ ಸದ್ದಿನಿಂದ ಏನೂ ತಿಳಿಯುವುದಿಲ್ಲ. ಗೇರ್ ಆಯಿಲಿನಷ್ಟು ಮಂದದ ಎಣ್ಣೆ ತುಂಬಿಸಿದರೆ ಸವೆದ ಬೇರಿಂಗೂ ಸುಮ್ಮನಿರುತ್ತದೆ, ಪ್ರೆಶರ್ ಮೀಟರೂ ಮೇಲೇಳುತ್ತದೆ. ಹೊಸದಾಗಿ ಬೆಳ್ಳಿ ಬಣ್ಣ ಹೊಡೆದ ಎಂಜಿನ್ನನ್ನು ನಾನಂತೂ ಇನ್ನಷ್ಟು ಅನುಮಾನದಿಂದ ನೋಡುತ್ತೇನೆ, ಏಕೆಂದರೆ ಸೋರಿಕೆಯ ಕಲೆ, ವೆಲ್ಡ್ ಮಾಡಿದ ಬಿರುಕು, ಎರಡನ್ನೂ ಆ ಬಣ್ಣ ಮುಚ್ಚುತ್ತದೆ.

ಮೊದಲು ಡಿಪ್ ಸ್ಟಿಕ್ಕಿನ ಎಣ್ಣೆಯನ್ನು ಬೆರಳಿನ ನಡುವೆ ಎಳೆದು ನೋಡಿ. ಜೇನಿನಂತೆ ನೂಲು ಬಂದರೆ ಅಲ್ಲಿಂದ ಎದ್ದು ಬನ್ನಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಯಿಲ್ ಕ್ಯಾಪ್ ತೆಗೆದು, ಅಲ್ಲಿಂದ ರೈಲಿನಂತೆ ಹೊಗೆ ತಳ್ಳುತ್ತಿದೆಯೇ ನೋಡಿ. ಸ್ವಲ್ಪ ಆವಿ ಬಂದರೆ ಚಿಂತೆಯಿಲ್ಲ. ಕ್ಯಾಪನ್ನು ಬಾಯಿಯ ಮೇಲೆ ಸುಮ್ಮನೆ ಇಟ್ಟಾಗ ಅದು ಕುಣಿಯುತ್ತಿದ್ದರೆ ರಿಂಗ್ ಮುಗಿದಿವೆ ಎಂದರ್ಥ. ಆಮೇಲೆ ನಾಲ್ಕೂ ಹೀಟರ್ ಪ್ಲಗ್ ಬಿಚ್ಚಿ, ತುಂಬಿದ ಬ್ಯಾಟರಿಯಿಂದ ಸೆಲ್ಫ್ ಹೊಡೆದು, ಆ ತೂತಿನಲ್ಲೇ ಕಂಪ್ರೆಷನ್ ಅಳೆಯಿಸಿ. ಈ ಜಾತಿಯ ಎಂಜಿನ್ನಿನಲ್ಲಿ 380ರಿಂದ 400 ಪಿಎಸ್‌ಐ ಆಸುಪಾಸು ಬಂದರೆ ನಾನು ಒಪ್ಪುತ್ತೇನೆ. ನಾಲ್ಕೂ ಸಿಲಿಂಡರ್ ಒಟ್ಟಿಗೆ ಸ್ವಲ್ಪ ಇಳಿದಿದ್ದರೂ ಪರವಾಗಿಲ್ಲ, ಒಂದು ಮಾತ್ರ 80, 100 ಕಡಿಮೆ ಇದ್ದರೆ ಆ ಒಂದರಲ್ಲಿ ರೋಗವಿದೆ. ಕೊನೆಗೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯಾದ ಸಂಪ್ ಬಿಚ್ಚಿಸಿ. ಬಿಚ್ಚಲು ಒಪ್ಪದವನ ಹತ್ತಿರ ಎಂಜಿನ್ ತೆಗೆದುಕೊಳ್ಳಬೇಡಿ. ಸಂಪಿನ ತಳದ ಕೆಸರನ್ನು ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದರೆ ಬೇರಿಂಗಿನ ಹಿತ್ತಾಳೆ ಬಣ್ಣದ ಮಿಣುಕು ಇದೆಯೋ ಇಲ್ಲವೋ ಕಾಣುತ್ತದೆ. ಒಂದು ಮೇನ್ ಬೇರಿಂಗ್ ಕ್ಯಾಪ್, ಒಂದು ಕನೆಕ್ಟಿಂಗ್ ರಾಡ್ ಕ್ಯಾಪ್ ತೆಗೆದು ಶೆಲ್ಲಿನ ಹಿಂಬದಿಯ ಮುದ್ರೆ ನೋಡಿ. ಕ್ರ್ಯಾಂಕ್ ಯಾವ ಸೈಜಿನಲ್ಲಿದೆ ಎಂದು ಅಲ್ಲೇ ಬರೆದಿರುತ್ತದೆ.

ಇಂಜೆಕ್ಷನ್ ಪಂಪಿನ ಬಗ್ಗೆ ಒಂದು ಮಾತು. 2112ರ ಪಂಪನ್ನು 2498ಕ್ಕೆ ಹಾಗೆಯೇ ಹಾಕಬಾರದು, ಡೀಸೆಲ್ ಕೊಡುವ ಪ್ರಮಾಣ ಬೇರೆ. ಯಾವ ಪಂಪ್ ಬಂದರೂ ಅದನ್ನೂ ನಾಝಲುಗಳನ್ನೂ ಪಂಪ್ ರೂಮಿನಲ್ಲಿ ಒಂದು ಸಲ ಟೆಸ್ಟ್ ಬೆಂಚಿಗೆ ಹಾಕಿಸಿ. ಕಂಪನಿಗೆ 2008ರಲ್ಲಿ ಬಾಷ್ ಎಂಬ ಹೆಸರು ಬಂದಿದ್ದರೂ ನಮ್ಮ ಕಡೆಯ ಪಂಪ್ ರೂಮಿನವರೆಲ್ಲ ಇನ್ನೂ ಮೈಕೋ ಎಂದೇ ಕರೆಯುತ್ತಾರೆ. ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಾದ ಆ ಪಂಪುಗಳು ನಮ್ಮ ಜಿಲ್ಲೆಗಳ ಎಷ್ಟು ಗದ್ದೆಗೆ ನೀರೆತ್ತಿವೆ, ಎಷ್ಟು ಜೀಪುಗಳನ್ನು ಘಾಟಿ ಹತ್ತಿಸಿವೆ ಎಂದು ನೆನೆದರೆ ನನಗೆ ಅಭಿಮಾನವೆನಿಸುತ್ತದೆ.

ಕಡೂರು ವಕೀಲ

ಯಂತ್ರದ ವಿಷಯ ಬಲ್ಲವರು ಹೇಳಿದ್ದಾರೆ. ನಾನು ಕಾಗದದ ವಿಷಯವನ್ನು ಹೇಳುತ್ತೇನೆ, ಏಕೆಂದರೆ ಇದೇ ಕಾರಣಕ್ಕೆ ನಿಂತುಹೋದ ಜೀಪುಗಳ ಕಡತಗಳನ್ನು ನಾನು ನೋಡಿದ್ದೇನೆ.

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಎಂಜಿನ್ ಬದಲಾವಣೆಯನ್ನು ಅದೇ ಕಲಂ ಬೇರೆಯಾಗಿಯೇ ಹೆಸರಿಸಿದೆ: ಬದಲಿಸಿದ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ಆರ್‌ಸಿಯನ್ನು ಶುಲ್ಕದೊಂದಿಗೆ ಒಪ್ಪಿಸಿ, ಹೊಸ ವಿವರವನ್ನು ದಾಖಲಿಸಿಕೊಳ್ಳಬೇಕು.

ಈಗ ನಿಮ್ಮ ಮೂರು ಆಯ್ಕೆಗಳನ್ನು ಈ ಕಣ್ಣಿನಿಂದ ನೋಡಿ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಜತೆಗೆ ಸಿಸಿಯೂ ಬರೆದಿರುತ್ತದೆ. 2112ರ ಜಾಗಕ್ಕೆ 2112 ಬಂದರೆ ಬದಲಾಗುವುದು ನಂಬರ್ ಒಂದೇ. ಎಕ್ಸ್‌ಡಿ3ಪಿ ಬಂದರೆ ಅದು ಜೀಪಿನೊಳಗೆ ಎಷ್ಟೇ ಸಲೀಸಾಗಿ ಕೂತರೂ ಕಾಗದದಲ್ಲಿ ಬೇರೆ ಎಂಜಿನ್. ಆರ್‌ಟಿಒ ಕಚೇರಿಯಿಂದ ಮೊದಲೇ ಲಿಖಿತ ಅನುಮತಿ ಪಡೆಯದೆ ಹಣ ಕೊಡಬೇಡಿ. ಬಾಯಿಮಾತಿನ ಭರವಸೆಯನ್ನು, ಅದೂ ಮಧ್ಯವರ್ತಿಯ ಬಾಯಿಮಾತನ್ನು, ನಂಬಬೇಡಿ. ನಿಮ್ಮದು 1989ರ ಗಾಡಿಯಾದ್ದರಿಂದ 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಫಾರಂ 25ರಲ್ಲಿ ನವೀಕರಣವಾಗುತ್ತಿರಬೇಕು. ಪ್ರತಿ ಸಲವೂ ಇನ್‌ಸ್ಪೆಕ್ಟರು ಎಂಜಿನ್ ನಂಬರಿನ ಪೆನ್ಸಿಲ್ ಪ್ರಿಂಟ್ ನೋಡುತ್ತಾರೆ. ಇಂದು ಮುಚ್ಚಿಟ್ಟದ್ದು ಆ ದಿನ ಹೊರಬರುತ್ತದೆ.

ಎಂಜಿನ್ ಕೊಳ್ಳುವಾಗ ಮಾರುವವನಿಂದ ಎಂಜಿನ್ ನಂಬರ್ ನಮೂದಿಸಿದ ಬಿಲ್ಲು, ಅದು ಬಂದ ಗಾಡಿಯ ಆರ್‌ಸಿ ಪ್ರತಿ, ಆ ಗಾಡಿಯ ನೋಂದಣಿ ರದ್ದಾಗಿರುವ ಪತ್ರ, ಈ ಮೂರನ್ನೂ ಕೇಳಿ. 55ನೇ ಕಲಂ ಪ್ರಕಾರ ನಾಶವಾದ ವಾಹನದ ಮಾಲೀಕರು ಅದನ್ನು ವರದಿ ಮಾಡಿ ನೋಂದಣಿ ರದ್ದು ಮಾಡಿಸಬೇಕು, ಆದ್ದರಿಂದ ಪ್ರಾಮಾಣಿಕವಾಗಿ ಬಿಚ್ಚಿದ ಗಾಡಿಗೆ ಆ ಪತ್ರವಿರುತ್ತದೆ. ನಂಬರನ್ನು ಪೊಲೀಸರ ‘ವಾಹನ್ ಸಮನ್ವಯ’ ದಾಖಲೆಯಲ್ಲಿ ನೋಡಿಸಿ, ಕಳವಿನ ಗಾಡಿಯದಲ್ಲ ಎಂದು ಖಚಿತಪಡಿಸಿಕೊಳ್ಳಿ. ಉಳಿ ಅಥವಾ ಗ್ರೈಂಡರ್ ಆಡಿಸಿದ ನಂಬರ್ ಪಟ್ಟಿಯಿರುವ ಎಂಜಿನ್ನನ್ನು ಪುಕ್ಕಟೆ ಕೊಟ್ಟರೂ ಮನೆಗೆ ತರಬಾರದು. ವಿಮಾ ಕಂಪನಿಗೂ ಒಂದು ಪತ್ರ ಬರೆದು ಸ್ವೀಕೃತಿ ಇಟ್ಟುಕೊಳ್ಳಿ.

ಮಡಿಕೇರಿ ಫೋರ್‌ವೀಲ್

ವಕೀಲರೇ, ನಾನು ಎಕ್ಸ್‌ಡಿ3ಪಿ ಹಾಕಿ ಎಂದು ಹೇಳುವಾಗ ಈ ಅಂಶವನ್ನು ಯೋಚಿಸಿರಲಿಲ್ಲ. ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. 2112 ಸಿಗುವುದಾದರೆ ಅದೇ ಸರಿ.

ಕೊಟ್ಟಿಗೆಹಾರ 540

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರ ಹುಡುಕಾಟದಲ್ಲೇ ಕಳೆಯಿತು. ನಡೆದದ್ದನ್ನು ವಿವರವಾಗಿ ಬರೆಯುತ್ತೇನೆ, ಮುಂದೆ ಹುಡುಕುವವರಿಗೆ ನೆರವಾದೀತು.

ಮೊದಲ ಎಂಜಿನ್ ಬೆಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿತ್ತು. ತರೀಕೆರೆಯವರು ವರ್ಣಿಸಿದ್ದಂತೆಯೇ ಬೆಳ್ಳಿ ಬಣ್ಣ ಹೊಡೆದು, ಮರದ ದಿಮ್ಮಿಯ ಮೇಲೆ ಕೂರಿಸಿ, ಓಡಿಸಿ ತೋರಿಸಿದರು. ಸದ್ದು ನಿಜಕ್ಕೂ ಚೆನ್ನಾಗಿತ್ತು. ಈ ಚರ್ಚೆಯನ್ನು ಓದದೇ ಹೋಗಿದ್ದರೆ ಅಲ್ಲೇ ಮುಂಗಡ ಕೊಟ್ಟುಬಿಡುತ್ತಿದ್ದೆ. ಕಂಪ್ರೆಷನ್ ಗೇಜನ್ನು ನಾನೇ ಕೊಂಡೊಯ್ದಿದ್ದೆ. ಒಂದು, ಎರಡು, ಮೂರನೆಯ ಸಿಲಿಂಡರಿನಲ್ಲಿ 390, 380, 390 ಬಂದಿತು. ನಾಲ್ಕನೆಯದರಲ್ಲಿ ಮುಳ್ಳು 290 ದಾಟಲಿಲ್ಲ. ಅದೇ ತೂತಿಗೆ ಎರಡು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ 360ಕ್ಕೆ ಏರಿತು. ಅಂದರೆ ವಾಲ್ವ್ ಸರಿಯಿದೆ, ರಿಂಗ್ ಅಥವಾ ಲೈನರ್ ಹೋಗಿದೆ. ಸಂಪ್ ಬಿಚ್ಚಲು ಅವರು ಒಪ್ಪಲಿಲ್ಲ, ನಂಬರ್ ಬರೆದ ಬಿಲ್ಲು ಕೊಡಲೂ ಒಪ್ಪಲಿಲ್ಲ. ನಮಸ್ಕಾರ ಹೇಳಿ ಹೊರಟೆ.

ಎರಡನೆಯದು ಸಿಕ್ಕಿದ್ದು ಹತ್ತಿರದಲ್ಲೇ. ಕಳಸದ ಕಡೆಯ ಒಂದು ತೋಟದಲ್ಲಿ ಮರ ಬಿದ್ದು ಚಾಸಿ ಬಾಗಿದ 1991ರ ಎಂಎಂ 540 ಶೆಡ್ಡಿನಲ್ಲಿ ನಿಂತಿತ್ತು. ಮಾಲೀಕರು ಹಿರಿಯರು. ಗಾಡಿಯ ನೋಂದಣಿಯನ್ನು ರದ್ದು ಮಾಡಿಸಿ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಟ್ಟಿದ್ದರು. ಎಂಜಿನ್ ನಾಲ್ಕು ವರ್ಷ ಓಡಿರಲಿಲ್ಲ, ಆದರೆ ನಿಲ್ಲಿಸುವ ಮೊದಲು ಸೈಲೆನ್ಸರಿನ ಬಾಯಿಗೂ ಏರ್ ಕ್ಲೀನರಿನ ಬಾಯಿಗೂ ಎಣ್ಣೆಯಲ್ಲಿ ಅದ್ದಿದ ಗೋಣಿ ತುರುಕಿದ್ದರು. ನಾಝಲ್ ತೂತುಗಳಿಂದ ಎಣ್ಣೆ ಬಿಟ್ಟು, ಒಂದು ರಾತ್ರಿ ಬಿಟ್ಟು, ಮರುದಿನ ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ಕೈಯಿಂದಲೇ ತಿರುಗಿಸಿದೆವು. ಮೊದಲ ಕಾಲು ಸುತ್ತು ಬಿಗಿ, ಆಮೇಲೆ ಸಲೀಸು. ಕಂಪ್ರೆಷನ್ 370, 365, 370, 360. ಸಂಪಿನಲ್ಲಿ ಕಪ್ಪು ಕೆಸರಿತ್ತು, ಮಿಣುಕು ಇರಲಿಲ್ಲ. ಬೇರಿಂಗ್ ಶೆಲ್ಲಿನ ಹಿಂದೆ 0.25 (ಮಿಲಿಮೀಟರ್, ಅಂದರೆ ಟೆನ್ ಸೈಜು) ಎಂದು ಮುದ್ರೆಯಿತ್ತು, ಅಂದರೆ ಕ್ರ್ಯಾಂಕಿಗೆ ಇನ್ನೂ ಎರಡು ಸಲ ಉಜ್ಜುವಷ್ಟು ಆಯುಷ್ಯವಿದೆ. 40,000 ರೂಪಾಯಿಗೆ ಮಾತಾಯಿತು. ಅವರು ತಮ್ಮ ಕೈಬರಹದಲ್ಲೇ ಎಂಜಿನ್ ನಂಬರ್ ಬರೆದು ರಸೀದಿ ಕೊಟ್ಟರು, ಜತೆಗೆ ಸ್ಟಾರ್ಟರ್ ಮೋಟರನ್ನೂ ಕೊಟ್ಟರು.

ಕೂರಿಸುವ ಮೊದಲು ಹೆಡ್ ತೆಗೆದು ಗ್ಯಾಸ್ಕೆಟ್ ಬದಲಿಸಬೇಕೆಂದಿದ್ದೇನೆ. ಇದರಲ್ಲಿ ಎಚ್ಚರ ವಹಿಸಬೇಕಾದದ್ದು ಏನಾದರೂ ಇದೆಯೇ?

ಹಾಸನ ಲೇತ್

ಇದೆ ಸರ್, ಮತ್ತು ಇದನ್ನು ಮರೆತರೆ ಒಳ್ಳೆಯ ಎಂಜಿನ್ ನಿಮ್ಮ ಕೈಯಲ್ಲೇ ಹಾಳಾಗುತ್ತದೆ. ಇದು ವೆಟ್ ಲೈನರ್ ಎಂಜಿನ್. ಲೈನರಿನ ಹೊರಮೈಗೆ ನೇರವಾಗಿ ನೀರು ತಾಗುತ್ತದೆ, ಕೆಳಗಿನ ಸೀಲ್ ಒಂದೇ ಆ ನೀರನ್ನು ಸಂಪಿಗೆ ಇಳಿಯದಂತೆ ತಡೆಯುತ್ತದೆ. ಹೆಡ್ ಬಿಗಿದಿರುವವರೆಗೆ ಲೈನರ್ ಒತ್ತಿಕೊಂಡು ಕೂತಿರುತ್ತದೆ. ಹೆಡ್ ತೆಗೆದ ಮೇಲೆ ಕ್ರ್ಯಾಂಕ್ ತಿರುಗಿಸಿದರೆ ಪಿಸ್ಟನ್ ಜತೆ ಲೈನರೂ ಕೂದಲೆಳೆಯಷ್ಟು ಮೇಲೇಳುತ್ತದೆ, ಹಳೆಯ ಸೀಲ್ ಅಷ್ಟಕ್ಕೇ ಮುರಿಯುತ್ತದೆ. ಮತ್ತೆ ಹೆಡ್ ಬಿಗಿದು ನೀರು ತುಂಬಿದ ಮೇಲೆ ಎಣ್ಣೆಗೆ ನೀರು ಸೇರುತ್ತದೆ, ಜನ ಗ್ಯಾಸ್ಕೆಟ್ಟನ್ನು ದೂರುತ್ತಾರೆ. ಆದ್ದರಿಂದ ಹೆಡ್ ತೆಗೆದ ಕೂಡಲೇ ಹೆಡ್ ಬೋಲ್ಟಿನ ತೂತಿಗೇ ಬೋಲ್ಟ್, ದಪ್ಪ ವಾಷರ್, ಪೈಪಿನ ತುಂಡು ಹಾಕಿ ನಾಲ್ಕೂ ಲೈನರಿನ ಅಂಚನ್ನು ಒತ್ತಿಹಿಡಿಯಿರಿ. ಆಮೇಲೆ ಬೇಕಾದರೆ ತಿರುಗಿಸಿ.

ಲೈನರಿನ ತಲೆ ಬ್ಲಾಕಿನ ಮೈಗಿಂತ ಒಂದಿಷ್ಟು ಎದ್ದಿರಬೇಕು, ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿ. ಬೆರಳಿಗೆ ಅದು ತಿಳಿಯುವುದಿಲ್ಲ, ಡಯಲ್ ಗೇಜ್ ಇಟ್ಟು ಅಳೆಯಬೇಕು. ನಾಲ್ಕರಲ್ಲಿ ಒಂದು ತಗ್ಗಿದ್ದರೆ ಅಲ್ಲೇ ಗ್ಯಾಸ್ಕೆಟ್ ಹೊಡೆಯುತ್ತದೆ. ನೀವು ನಾಲ್ಕು ವರ್ಷ ನಿಂತ ಎಂಜಿನ್ ತಂದಿರುವುದರಿಂದ ನನ್ನ ಅಭಿಪ್ರಾಯ ಕೇಳಿದರೆ, ಲೈನರ್ ಎಳೆದು ಕೆಳಗಿನ ಸೀಲುಗಳನ್ನೂ ಹೊಸದು ಹಾಕಿಬಿಡಿ. ಹಾಗೆಯೇ ಬ್ಲಾಕಿನ ನೀರಿನ ಪ್ಲಗ್ಗುಗಳು, ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ತುದಿಯ ಪೈಲಟ್ ಬೇರಿಂಗ್, ಫೌಂಡೇಶನ್ ರಬ್ಬರ್, ಇವೆಲ್ಲವನ್ನೂ ಎಂಜಿನ್ ಹೊರಗಿರುವಾಗಲೇ ಬದಲಿಸಿ. ಈ ಸಾಮಾನುಗಳಿಗೆ ಆಗುವ ಖರ್ಚು ಎಂಜಿನ್ ಮತ್ತೊಮ್ಮೆ ಇಳಿಸುವ ಕೂಲಿಗಿಂತ ಕಡಿಮೆ.

ಕೊಟ್ಟಿಗೆಹಾರ 540

ಲೈನರ್ ಎಳೆಸಿದೆ. ಮೂರನೆಯ ಲೈನರಿನ ಸೀಲ್ ಬೆರಳಲ್ಲಿ ಒತ್ತಿದರೆ ಒಣಗಿದ ಹುಣಸೆ ಸಿಪ್ಪೆಯಂತೆ ಪುಡಿಯಾಯಿತು. ಹಾಸನದವರಿಗೆ ನಾನು ಋಣಿ.

ಕಳೆದ ಶನಿವಾರ ನಮ್ಮ ಕಾಫಿ ಗೋದಾಮಿನ ತೊಲೆಗೆ ಚೈನ್ ಬ್ಲಾಕ್ ಕಟ್ಟಿ ಕೆಲಸ ಆರಂಭಿಸಿದೆವು. ಮೊದಲೇ ತೊಲೆಯ ಕೆಳಗೆ ಎರಡೂ ಕಡೆ ಕಂಬದ ಆಸರೆ ಕೊಟ್ಟಿದ್ದೆವು, ಏಕೆಂದರೆ ಎಂಜಿನ್ನಿನ ತೂಕ ಇನ್ನೂರು ಕಿಲೋ ಮೀರುತ್ತದೆ. ಈ ಜೀಪಿನ ಒಂದು ಅನುಕೂಲವೆಂದರೆ ಬಾನೆಟ್, ಮುಂದಿನ ಗ್ರಿಲ್, ರೇಡಿಯೇಟರ್ ಮೂರನ್ನೂ ಕೆಲವೇ ಬೋಲ್ಟು ಬಿಚ್ಚಿ ಎತ್ತಿ ಪಕ್ಕಕ್ಕಿಡಬಹುದು. ಎಂಜಿನ್ ಮುಂದಕ್ಕೆ ನೇರವಾಗಿ ಬರುತ್ತದೆ. ಗೇರ್‌ಬಾಕ್ಸಿನ ಕೆಳಗೆ ಜಾಕಿ ಕೊಟ್ಟೆವು. ಹಳೆಯದು ಮಧ್ಯಾಹ್ನದೊಳಗೆ ಇಳಿಯಿತು. ಹೊಸದನ್ನು ಕೂರಿಸುವುದೇ ತಡವಾದದ್ದು. ಇನ್‌ಪುಟ್ ಶಾಫ್ಟಿನ ಹಲ್ಲು ಕ್ಲಚ್ ಪ್ಲೇಟಿನೊಳಗೆ ಹೋಗಿ, ಕೊನೆಯ ಅರ್ಧ ಇಂಚು ಮಾತ್ರ ಕೂರಲೊಲ್ಲದು. ಬೋಲ್ಟ್ ಹಾಕಿ ಎಳೆದುಬಿಡೋಣ ಎಂದು ನಮ್ಮ ಹುಡುಗ ಹೇಳಿದ. ಹಾಗೆ ಎಳೆದರೆ ಬೆಲ್ ಹೌಸಿಂಗಿನ ಕಿವಿ ಮುರಿಯುತ್ತದೆ ಎಂದು ಮೆಕ್ಯಾನಿಕ್ ತಡೆದರು. ಗೇರ್ ಹಾಕಿ, ಒಬ್ಬರು ಹಿಂದಿನ ಶಾಫ್ಟನ್ನು ಕೈಯಿಂದ ಅಲ್ಲಾಡಿಸುತ್ತ, ಇನ್ನೊಬ್ಬರು ಜಾಕಿಯನ್ನು ಕೂದಲೆಳೆಯಷ್ಟು ಎತ್ತುತ್ತ ಹೋದಾಗ ‘ಟಕ್’ ಎಂದು ತಾನಾಗಿಯೇ ಕೂತಿತು.

ಸ್ಟಾರ್ಟ್ ಮಾಡುವ ಮೊದಲು ಟ್ಯಾಂಕ್ ಇಳಿಸಿ ತೊಳೆಸಿದ್ದು ಒಳ್ಳೆಯದಾಯಿತು. ತಳದಲ್ಲಿ ಅರ್ಧ ಲೋಟದಷ್ಟು ತುಕ್ಕಿನ ಹುಡಿ ಇತ್ತು. ಫಿಲ್ಟರಿನಲ್ಲಿ, ಪಂಪಿನಲ್ಲಿ ಏರ್ ತೆಗೆದು, ಸ್ಟಾಪ್ ಕೇಬಲ್ ಎಳೆದು ಹಿಡಿದು, ಡೀಸೆಲ್ ಹೋಗದಂತೆ ಮಾಡಿ ಹತ್ತು ಹತ್ತು ಸೆಕೆಂಡಿನಂತೆ ಸೆಲ್ಫ್ ಹೊಡೆದೆವು. ನಾಲ್ಕನೆಯ ಸಲಕ್ಕೆ ಆಯಿಲ್ ಪ್ರೆಶರ್ ಮುಳ್ಳು ಎದ್ದಿತು. ಆಮೇಲೆಯೇ ಹೀಟರ್ ಹಾಕಿ, ಕೇಬಲ್ ಬಿಟ್ಟು, ಸ್ಟಾರ್ಟ್ ಮಾಡಿದ್ದು. ಮೊದಲು ಬಿಳಿ ಹೊಗೆ, ಒಂದು ಸಿಲಿಂಡರ್ ಮಾತ್ರ ಹೊಡೆಯುವ ಕುಂಟು ಸದ್ದು, ನಿಮಿಷದೊಳಗೆ ನಾಲ್ಕೂ ಸೇರಿಕೊಂಡವು. ನಮ್ಮ ತಂದೆಯವರು ಜಗಲಿಯಿಂದ ಎದ್ದು ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದರು.

ತರೀಕೆರೆ ಡೀಸೆಲ್

ತುಂಬಾ ಸಂತೋಷ. ಒಂದು ವಿಷಯ ಮೊದಲೇ ಬರೆಯಬೇಕಿತ್ತು, ಬೇರೆಯವರಿಗಾಗಿ ಈಗ ಬರೆಯುತ್ತೇನೆ. ಗೊತ್ತಿಲ್ಲದ ಡೀಸೆಲ್ ಎಂಜಿನ್ನನ್ನು ಮೊದಲ ಸಲ ಸ್ಟಾರ್ಟ್ ಮಾಡುವಾಗ ಏರ್ ಕ್ಲೀನರ್ ಪೈಪ್ ಬಿಚ್ಚಿಟ್ಟು, ಆ ಬಾಯಿಯನ್ನು ಮುಚ್ಚುವಷ್ಟು ದೊಡ್ಡ ಹಲಗೆಯನ್ನು ಒಬ್ಬರು ಕೈಯಲ್ಲಿ ಹಿಡಿದು ನಿಂತಿರಬೇಕು. ಪಂಪಿನಲ್ಲಿ ಡೀಸೆಲ್ ಪ್ರಮಾಣ ನಿಯಂತ್ರಿಸುವ ರಾಕ್ ಸಿಕ್ಕಿಕೊಂಡಿದ್ದರೆ, ಅಥವಾ ಎಣ್ಣೆಯ ಏರ್ ಕ್ಲೀನರಿಗೆ ಅಳತೆ ಮೀರಿ ಎಣ್ಣೆ ತುಂಬಿದ್ದರೆ ಎಂಜಿನ್ ತಾನಾಗಿಯೇ ರೇಸಾಗುತ್ತದೆ. ತನ್ನ ಎಣ್ಣೆಯನ್ನೇ ಕುಡಿದು ಓಡುವ ಎಂಜಿನ್ನನ್ನು ಕೀಲಿ ತಿರುಗಿಸಿಯೂ ಸ್ಟಾಪ್ ಎಳೆದೂ ನಿಲ್ಲಿಸಲಾಗದು, ಗಾಳಿ ಕಟ್ಟಿದರೆ ಮಾತ್ರ ನಿಲ್ಲುತ್ತದೆ. ಅಂಗೈಯನ್ನು ಎಂದಿಗೂ ಅಡ್ಡ ಇಡಬಾರದು. ಹಲಗೆಯನ್ನೇ ಇಡಬೇಕು.

ಸಿದ್ದಾಪುರ ಟ್ರೇಲ್

ರೇಡಿಯೇಟರ್ ಬದಲಿಸಿದಿರಾ? ಹೊಗೆ ಪರೀಕ್ಷೆ, ಆರ್‌ಸಿ ಕೆಲಸ ಎಲ್ಲಿಗೆ ಬಂತು?

ಕೊಟ್ಟಿಗೆಹಾರ 540

ರೇಡಿಯೇಟರ್ ಹಳೆಯದೇ. ಎಂಜಿನ್ ಅಷ್ಟೇ ಸಿಸಿಯದಾದ್ದರಿಂದ ದೊಡ್ಡದು ಬೇಕಾಗಲಿಲ್ಲ, ಟ್ಯಾಂಕ್ ಬಿಚ್ಚಿಸಿ ಕೋರಿನೊಳಗೆ ಸರಳು ಆಡಿಸಿ ಉಪ್ಪು ತೆಗೆಸಿದೆ. ಹೊಸ ಟೆಂಪರೇಚರ್ ಮೀಟರನ್ನು ಎಲ್ಲಕ್ಕಿಂತ ಮೊದಲು ಹಾಕಿಸಿದ್ದೇನೆ, ಸೀಟಿನ ಕೆಳಗೆ ಒಂದು ಹೊಸ ಫ್ಯಾನ್ ಬೆಲ್ಟೂ ಇದೆ. ಹೊಗೆ ಪರೀಕ್ಷೆಯಲ್ಲಿ ಆ ಕಾಲದ ಡೀಸೆಲ್ ಗಾಡಿಗಿರುವ ಮಿತಿ 65 ಎಚ್‌ಎಸ್‌ಯು (ಹೊಗೆಯ ದಟ್ಟತೆಯ ಮಾನ). ನಾಝಲ್ ಬೆಂಚಿಗೆ ಹಾಕಿಸಿದ್ದರಿಂದ 48 ಬಂದಿತು.

ಆರ್‌ಟಿಒ ಕಚೇರಿಗೆ ಒಂಬತ್ತನೆಯ ದಿನವೇ ಅರ್ಜಿ ಕೊಟ್ಟೆ. ರಸೀದಿ, ದಾನಿ ಗಾಡಿಯ ಆರ್‌ಸಿ ಪ್ರತಿ, ರದ್ದತಿ ಪತ್ರ ಮೂರನ್ನೂ ನೋಡಿ, ಇನ್‌ಸ್ಪೆಕ್ಟರು ಜೀಪಿನ ಹತ್ತಿರ ಬಂದು ತಾವೇ ಟೇಪ್ ಅಂಟಿಸಿ ಪೆನ್ಸಿಲ್ ಪ್ರಿಂಟ್ ತೆಗೆದರು. ಬಣ್ಣ ಹೊಡೆಯದೆ ನಂಬರ್ ಪಟ್ಟಿಯನ್ನು ಡೀಸೆಲಿನಲ್ಲಿ ಒರೆಸಿ ಇಟ್ಟಿದ್ದರಿಂದ ಅಂಕಿಗಳು ಒಂದೇ ಸಲಕ್ಕೆ ಮೂಡಿದವು. ಹೊಸ ನಂಬರಿನ ಆರ್‌ಸಿ ಅಂಚೆಯಲ್ಲಿ ಬರಬೇಕಿದೆ. ಮುಂದಿನ ನವೀಕರಣ 2029ಕ್ಕೆ.

ಹಾಸನ ಲೇತ್

ಹೆಡ್ ಬೋಲ್ಟ್ ಮತ್ತೆ ಬಿಗಿದಿರಾ ಸರ್?

ಕೊಟ್ಟಿಗೆಹಾರ 540

ಇನ್ನೂ 340 ಕಿಲೋಮೀಟರ್ ಆಗಿದೆ. 800 ಆದ ಮೇಲೆ, ಎಂಜಿನ್ ತಣ್ಣಗಿರುವಾಗ, ಟಾರ್ಕ್ ರೆಂಚಿನಲ್ಲಿ ನಡುವಿನಿಂದ ಹೊರಕ್ಕೆ ಬಿಗಿಸಿ ಟ್ಯಾಪೆಟ್ ಸೆಟ್ ಮಾಡಬೇಕೆಂದು ಮೆಕ್ಯಾನಿಕ್ ಗೋದಾಮಿನ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದು ಹೋಗಿದ್ದಾರೆ. ಅಲ್ಲಿಯವರೆಗೆ ಘಾಟಿಗೆ ಭಾರ ಹೇರುವುದಿಲ್ಲ.